ಮಿತವಾದ ಹಣಕ್ಕೆ ನಾಲ್ಕು ಟೈರ್

2024 ಜೂನ್ 9, ಭಾನುವಾರ

ಕಾರಿನ ಹಿಂದಿನ ಎರಡೂ ಟೈರ್‌ಗಳ ಒಳಅಂಚು ಸವೆದು, ನೀರು ಹೊರದೂಡುವ ಕಾಲುವೆಗಳ ತಳದಲ್ಲಿರುವ ಸವೆತದ ಗುರುತುಪಟ್ಟಿಗಳು ಈಗ ರಬ್ಬರಿನ ಮೇಲ್ಮೈಗೆ ಸಮನಾಗಿವೆ. ಆ ಪಟ್ಟಿಗಳ ಎತ್ತರ 1.6 ಮಿಲಿಮೀಟರ್, ಅನೇಕ ದೇಶಗಳ ಕಾನೂನು ಒಪ್ಪುವ ಕಡೆಯ ಮಿತಿಯೂ ಅದೇ. ಮುಂದಿನ ಟೈರ್‌ಗಳಲ್ಲಿ ಕಾಲುವೆಗಳ ಆಳ ಸುಮಾರು 4 ಮಿಲಿಮೀಟರ್ ಉಳಿದಿದೆ, ಆದರೆ ಅವುಗಳ ಪಕ್ಕದ ಗೋಡೆಯ ಮೇಲೆ ತಯಾರಿಕೆಯ ವಿವರ ಹೇಳುವ ಡಿಒಟಿ ಸಂಕೇತದ ಕೊನೆಗೆ 1417 ಎಂದಿದೆ. ಅಂದರೆ 2017ನೆಯ ಇಸವಿಯ 14ನೆಯ ವಾರದಲ್ಲಿ ತಯಾರಾದವು, ಏಳು ವರ್ಷ ಹಳೆಯವು. ಕಾರು ನನ್ನ ಕೈಗೆ ಬಂದದ್ದು ಹಿಂದಿನ ಮಾಲೀಕರಿಂದ, ಟೈರ್‌ಗಳ ಸಮೇತ. ಆದ್ದರಿಂದ ಈಗ ಮುಂದಿರುವ ಪ್ರಶ್ನೆ ಎರಡು ಟೈರಿನದೋ ನಾಲ್ಕರದೋ ಎಂಬುದು, ಮತ್ತು ಇರುವಷ್ಟು ಹಣದಲ್ಲಿ ಯಾವ ದರ್ಜೆಯವು ಎಂಬುದು.

ಬೆಲೆಪಟ್ಟಿಯ ಮೇಲ್ತುದಿಯಲ್ಲಿರುವ ಹೆಸರಾಂತ ಟೈರ್‌ಗಳನ್ನೇ ಕೊಂಡರೆ ನಾಲ್ಕರ ಖರ್ಚು ಈ ಹಳೆಯ ಕಾರಿನ ಪಾಲಿಗೆ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಹಾಗೆಂದು ಅಗ್ಗದ ತುದಿಗೆ ಇಳಿಯುವ ಮನಸ್ಸೂ ಇಲ್ಲ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದನ್ನು ತೀರ್ಮಾನಿಸುವುದಕ್ಕಾಗಿಯೇ ಇಂದು ಕುಳಿತು ಬರೆಯುತ್ತಿದ್ದೇನೆ.

ಮೊದಲು ಅಳತೆಯ ವಿಷಯ. ಕಾರಿನ ಬಾಗಿಲ ಚೌಕಟ್ಟಿನಲ್ಲಿರುವ ಫಲಕದ ಪ್ರಕಾರ ಇದಕ್ಕೆ ಬೇಕಾದದ್ದು 225/45 ಆರ್ 17, ಅದರ ಮುಂದೆ 91 ಡಬ್ಲ್ಯು. ಅಗಲ 225 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 45ರಷ್ಟು, ರಿಮ್ಮಿನ ವ್ಯಾಸ 17 ಇಂಚು. 91 ಎಂದರೆ ಒಂದೊಂದು ಟೈರ್ ಹೊರಬಲ್ಲ ಭಾರ 615 ಕಿಲೋ, ಡಬ್ಲ್ಯು ಎಂದರೆ ಗಂಟೆಗೆ 270 ಕಿಲೋಮೀಟರ್ ವೇಗದ ಅರ್ಹತೆ. ಅಂಗಡಿಗಳ ಪಟ್ಟಿಯಲ್ಲಿ ಇದೇ ಅಳತೆಗೆ 94 ವೈ ಎಂಬುದೂ ಸಿಗುತ್ತದೆ: 670 ಕಿಲೋ, 300 ಕಿಲೋಮೀಟರ್. ಸಂಖ್ಯೆ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ವೇಗದ ಅಕ್ಷರವು ಟೈರ್ ಎಷ್ಟು ವೇಗದ ಬಿಸಿಯನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ತಿರುವಿನಲ್ಲಿ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನಲ್ಲ. ಕಾರಿನ ತಯಾರಕರು ಸೂಚಿಸಿದ ಭಾರ ಮತ್ತು ವೇಗದ ಮಟ್ಟಕ್ಕಿಂತ ಕೆಳಗಿಳಿಯಬಾರದು ಎಂಬ ನಿಯಮವೊಂದನ್ನು ಪಾಲಿಸಿದರೆ ಸಾಕು.

ಅಗಲವನ್ನು ಹೆಚ್ಚಿಸಿ 245/40 ಹಾಕಿಸುವ ಸಲಹೆಯೂ ಬಂದಿತ್ತು. ಹೊರವ್ಯಾಸವನ್ನು ಲೆಕ್ಕ ಹಾಕಿದರೆ ಈಗಿನ ಅಳತೆಗೆ 634.3 ಮಿಲಿಮೀಟರ್, 245/40ಕ್ಕೆ 627.8; ಶೇಕಡ ಒಂದರಷ್ಟೇ ವ್ಯತ್ಯಾಸವಾದ್ದರಿಂದ ವೇಗಮಾಪಕಕ್ಕೆ ತೊಂದರೆಯಿಲ್ಲ. ಆದರೆ ಅಗಲವಾದ ಟೈರಿಗೆ ಹಣ ಹೆಚ್ಚು, ತೂಕ ಹೆಚ್ಚು, ರಿಮ್ ಅದಕ್ಕೆ ತಕ್ಕಷ್ಟು ಅಗಲವಿಲ್ಲದಿದ್ದರೆ ಪಕ್ಕದ ಗೋಡೆ ಒಳಕ್ಕೆ ಬಾಗಿ ಸ್ಟೀರಿಂಗಿನ ಚುರುಕೂ ಕುಂದುತ್ತದೆ; ಜೊತೆಗೆ ನಿಂತ ನೀರಿನ ಮೇಲೆ ಅಗಲವಾದ ಟೈರ್ ಬೇಗ ತೇಲುತ್ತದೆ. ಉಳಿತಾಯ ಬೇಕೆಂದರೆ ದಾರಿ ಇರುವುದು ಎದುರು ದಿಕ್ಕಿನಲ್ಲಿ. 205/55 ಆರ್ 16ರ ಹೊರವ್ಯಾಸ 631.9 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಅಷ್ಟೇ. ಆ ಅಳತೆಯ ಟೈರ್‌ಗಳು ಸಾಮಾನ್ಯವಾಗಿ ಅಗ್ಗ, ಪಕ್ಕದ ಗೋಡೆ ಎತ್ತರವಿರುವುದರಿಂದ ಗುಂಡಿಗಳ ಹೊಡೆತಕ್ಕೆ ರಿಮ್ ಬಾಗುವ ಭಯವೂ ಕಡಿಮೆ. ಬ್ರೇಕಿನ ಭಾಗಗಳು ಒಳಗೆ ಹಿಡಿಸುವಂಥ 16 ಇಂಚಿನ ರಿಮ್‌ಗಳು ಈಗಾಗಲೇ ಮನೆಯಲ್ಲಿರುವವರಿಗೆ ಅದು ಒಳ್ಳೆಯ ಉಪಾಯ. ನನ್ನ ಬಳಿ ಅವಿಲ್ಲ; ಹೊಸದಾಗಿ ರಿಮ್ ಕೊಂಡು ಟೈರಿನಲ್ಲಿ ಉಳಿಸುವ ಲೆಕ್ಕ ಕೂಡಿಬರುವುದಿಲ್ಲ.

ಇನ್ನು ದರ್ಜೆಯ ಪ್ರಶ್ನೆ. ಟೈರಿನ ಮೇಲೆ ಟ್ರೆಡ್‌ವೇರ್ ಎಂದು ಅಚ್ಚಾಗಿರುವ ಸಂಖ್ಯೆಯನ್ನೇ ಎಲ್ಲರೂ ಮೊದಲು ನೋಡುವುದು. ಅಮೆರಿಕದ ಸರ್ಕಾರ ರೂಪಿಸಿದ ಈ ಪದ್ಧತಿಯಲ್ಲಿ ಟೆಕ್ಸಸ್ ರಾಜ್ಯದ ಸುಮಾರು 640 ಕಿಲೋಮೀಟರ್ ಉದ್ದದ ನಿಗದಿತ ರಸ್ತೆ ಸುತ್ತಿನಲ್ಲಿ ಪರೀಕ್ಷೆಯ ಟೈರನ್ನು ಒಟ್ಟು 11,600 ಕಿಲೋಮೀಟರಿನಷ್ಟು ಓಡಿಸಿ, ಅದರ ಸವೆತವನ್ನು ಒಂದು ಮಾನಕ ಟೈರಿನ ಸವೆತದೊಂದಿಗೆ ಹೋಲಿಸುತ್ತಾರೆ. 100 ಎಂಬುದು ಆಧಾರಸಂಖ್ಯೆ. 200 ಎಂದರೆ ಅದರ ಎರಡರಷ್ಟು ಬಾಳಿಕೆ. ಕೇಳಲು ಸರಳವಾದರೂ, ಆ ಓಟದಿಂದ ಮುಂದಿನ ಬಾಳಿಕೆಯನ್ನು ಅಂದಾಜಿಸಿ ಸಂಖ್ಯೆಯನ್ನು ಕೊಡುವವರು ಆಯಾ ತಯಾರಕರೇ ಆದ್ದರಿಂದ, ಒಂದು ಕಂಪನಿಯ 300 ಮತ್ತು ಇನ್ನೊಂದರ 300 ಒಂದೇ ಎಂದು ನಂಬುವಂತಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಆಯ್ದುಕೊಳ್ಳುವಾಗ ಮಾತ್ರ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಆದರೂ ಸ್ಥೂಲವಾದ ವಿಂಗಡಣೆಗೆ ಅದು ಸಾಕು. 200ರ ಆಸುಪಾಸಿನವು ಹವ್ಯಾಸಿ ಸ್ಪರ್ಧೆಗಳಿಗೆ ಹೋಗುವವರ ಟೈರ್‌ಗಳು. ಟ್ರ್ಯಾಕಿಗೆ ಹೋಗುವ ಗೆಳೆಯರು ಇವನ್ನೇ ಹಾಕಿಸು ಎನ್ನುತ್ತಾರೆ. ಒಣ ರಸ್ತೆಯಲ್ಲಿ, ರಬ್ಬರ್ ಬಿಸಿಯಾದ ಮೇಲೆ, ಅವುಗಳ ಹಿಡಿತಕ್ಕೆ ಎದುರಿಲ್ಲ ಎಂಬುದು ನಿಜವೇ. ಆದರೆ ಬೆಳಿಗ್ಗೆ ತಣ್ಣಗಿರುವಾಗ ಅವು ಅಷ್ಟಾಗಿ ಕಚ್ಚುವುದಿಲ್ಲ, ಸದ್ದು ಹೆಚ್ಚು, ನೀರು ಹೊರದೂಡುವ ಕಾಲುವೆಗಳು ಕಡಿಮೆ, ಬಾಳಿಕೆಯೂ ಕಡಿಮೆ. ಬಾಳಿಕೆ ಅರ್ಧವಾದರೆ ಟೈರಿನ ಬೆಲೆಯಷ್ಟೇ ಅಲ್ಲ, ಬಿಚ್ಚಿ ಹಾಕಿ ಬ್ಯಾಲೆನ್ಸ್ ಮಾಡಿಸುವ ಖರ್ಚೂ ಎರಡು ಬಾರಿ ಬೀಳುತ್ತದೆ. ಬೆಲೆಪಟ್ಟಿಯಲ್ಲಿ ಈ ಬಾಬತ್ತು ಕಾಣಿಸುವುದಿಲ್ಲ. 300ರಿಂದ 350ರ ಸುತ್ತ ಇರುವವು ಬೇಸಿಗೆಯ ಪರ್ಫಾರ್ಮೆನ್ಸ್ ಟೈರ್‌ಗಳು. ದಿನವೂ ಓಡಾಡುವ ಸ್ಪೋರ್ಟ್ಸ್ ಕಾರಿಗೆ ಹೊಂದುವ ದರ್ಜೆ ಇದು. 400 ದಾಟಿದವುಗಳಲ್ಲಿ ಹೆಚ್ಚಿನವು ಪ್ರವಾಸಿ ಕಾರುಗಳ, ಇಲ್ಲವೇ ಎಲ್ಲ ಋತುಗಳಿಗೂ ಹೊಂದುವ ಟೈರ್‌ಗಳು. ಬೇಸಿಗೆಯ ರಬ್ಬರ್ ತಾಪಮಾನ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಗಡುಸಾಗತೊಡಗುವುದರಿಂದ, ಚಳಿ ಬಲವಾಗಿರುವ ಕಡೆ ಅಂಥವನ್ನು ಆಯ್ದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕಡಿಮೆ ಹಿಡಿತದ ಟೈರಿನಲ್ಲಿ ಕಾರು ಓಡಿಸುವ ಸಂತೋಷವೇ ಹೋಗುತ್ತದೆ ಎನ್ನುವವರು 2012ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾ 86 ಎಂಬ ಸ್ಪೋರ್ಟ್ಸ್ ಕಾರನ್ನು ನೆನೆಯಬೇಕು. ಅದಕ್ಕೆ ಕಾರ್ಖಾನೆಯಿಂದಲೇ ಹಾಕಿಕೊಡುತ್ತಿದ್ದದ್ದು ಮಿಶೆಲಿನ್ ಪ್ರೈಮಸಿ ಎಚ್‌ಪಿ ಎಂಬ ಸೌಮ್ಯ ಸ್ವಭಾವದ ಟೈರ್; ಸಾಧಾರಣ ವೇಗದಲ್ಲೇ ಕಾರು ಮೆಲ್ಲಗೆ ಜಾರಿ ಚಾಲಕನಿಗೆ ತಿಳಿಯುವಂತಿರಲಿ ಎಂಬುದು ಅಲ್ಲಿನ ಆಲೋಚನೆ.

ನನ್ನ ಮಟ್ಟಿಗೆ ಹಣವನ್ನು ಸುರಿಯಬೇಕಾದ ಜಾಗ ಒಂದೇ, ಒದ್ದೆ ರಸ್ತೆಯ ಬ್ರೇಕ್. ಇದು ಬರಿಯ ಅಭಿಪ್ರಾಯವಾಗದಿರಲೆಂದು ಲೆಕ್ಕ ಹಾಕಿ ನೋಡಿದೆ. ಒದ್ದೆ ಡಾಂಬರಿನ ಮೇಲೆ ಒಂದು ಟೈರಿನ ಘರ್ಷಣೆಯ ಗುಣಾಂಕ (ಹಿಡಿತದ ಅಳತೆ) 0.7, ಇನ್ನೊಂದರದು 0.6 ಎಂದಿಟ್ಟುಕೊಳ್ಳೋಣ, ಇವು ಲೆಕ್ಕಕ್ಕೆಂದು ಹಿಡಿದ ಅಂಕಿಗಳು, ಯಾವ ಮಾದರಿಯವೂ ಅಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಮೊದಲನೆಯದು ಸುಮಾರು 36 ಮೀಟರಿನಲ್ಲಿ ನಿಲ್ಲುತ್ತದೆ, ಎರಡನೆಯದಕ್ಕೆ 42 ಮೀಟರ್ ಬೇಕು. ಆರು ಮೀಟರ್ ತಾನೇ ಎನ್ನಿಸಬಹುದು. ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದರ ವೇಗ ಇನ್ನೂ ಗಂಟೆಗೆ 30 ಕಿಲೋಮೀಟರ್ ಇರುತ್ತದೆ. ಎದುರಿಗೆ ಒಂದು ಲಾರಿ ನಿಂತಿದ್ದರೆ ಮೊದಲನೆಯದು ಅದನ್ನು ಮುಟ್ಟದೆ ನಿಲ್ಲುವಾಗ ಎರಡನೆಯದು ಅದೇ ವೇಗದಲ್ಲಿ ಹೋಗಿ ಗುದ್ದುತ್ತದೆ. ಒಣ ತಿರುವಿನಲ್ಲಿ ಸ್ವಲ್ಪ ಹಿಡಿತ ಕಡಿಮೆಯಾದರೆ ನಾನು ನಿಧಾನವಾಗಿ ಹೋಗಬಲ್ಲೆ. ಎದುರಿಗೆ ದಿಢೀರನೆ ಬಂದ ಅಡ್ಡಿಯ ಮುಂದೆ ಅಂಥ ಆಯ್ಕೆ ಇರುವುದಿಲ್ಲ.

ಹೀಗಾಗಿ ಪಟ್ಟಿಯನ್ನು ಜರಡಿ ಹಿಡಿಯಲು ಐರೋಪ್ಯ ಒಕ್ಕೂಟದ ಟೈರ್ ಚೀಟಿಯನ್ನು ಬಳಸಿದ್ದೇನೆ. 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ಅದರ ಹೊಸ ರೂಪದಲ್ಲಿ ಒದ್ದೆ ಹಿಡಿತಕ್ಕೂ ಇಂಧನ ಮಿತವ್ಯಯಕ್ಕೂ ಎ ಇಂದ ಇ ವರೆಗೆ ದರ್ಜೆಗಳಿವೆ, ಸದ್ದಿನ ಪ್ರಮಾಣ ಡೆಸಿಬೆಲ್‌ನಲ್ಲಿದೆ. ಒದ್ದೆ ಹಿಡಿತದಲ್ಲಿ ಬಿ ದರ್ಜೆಗಿಂತ ಕೆಳಗಿರುವುದನ್ನೆಲ್ಲ ಹೊಡೆದುಹಾಕಿದೆ. ಇಂಧನದಲ್ಲಿ ಸಿ ಆದರೂ ಡಿ ಆದರೂ ನನಗೆ ಚಿಂತೆಯಿಲ್ಲ. ಅಮೆರಿಕದ ಪದ್ಧತಿಯಲ್ಲಿಯೂ ಎಎ ಇಂದ ಸಿ ವರೆಗೆ ಹಿಡಿತದ ದರ್ಜೆಯುಂಟು, ಆದರೆ ಅದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಅಳತೆ. ತಿರುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡೂ ಕಡೆಯ ಅಕ್ಷರಗಳು ಹೊಸ ಟೈರಿಗೆ ಸಂಬಂಧಿಸಿದವು ಎಂಬುದು ಮರೆಯಬಾರದ ಸಂಗತಿ. 3 ಮಿಲಿಮೀಟರ್‌ಗಿಂತ ಕೆಳಗೆ ಸವೆದ ಮೇಲೆ ಎ ದರ್ಜೆಯ ಟೈರ್ ಕೂಡ ನಿಂತ ನೀರಿನಲ್ಲಿ ತನ್ನ ಹೆಸರನ್ನು ಉಳಿಸಿಕೊಳ್ಳಲಾರದು. ಆದ್ದರಿಂದ ಕಾನೂನಿನ 1.6ಕ್ಕಾಗಿ ಕಾಯದೆ ಮುಂದಿನ ಬಾರಿ 3ರಲ್ಲೇ ಬದಲಾಯಿಸುವುದೆಂದು ಖರ್ಚಿನ ಅಂದಾಜಿನಲ್ಲಿ ಸೇರಿಸಿಕೊಂಡಿದ್ದೇನೆ.

ಜರಡಿಯಲ್ಲಿ ಉಳಿದವುಗಳಲ್ಲಿ ಬೆಲೆಯ ಅಂತರ ಬಹುಮಟ್ಟಿಗೆ ಹೆಸರಿನದು. ದೊಡ್ಡ ಕಂಪನಿಗಳ ನೆರಳಿನಲ್ಲಿರುವ ಎರಡನೆಯ ಸಾಲಿನ ಹೆಸರುಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಫೈರ್‌ಸ್ಟೋನ್ 1988ರಿಂದ ಬ್ರಿಡ್ಜ್‌ಸ್ಟೋನ್ ಕೈಯಲ್ಲಿದೆ; ವ್ರೆಡೆಸ್ಟೈನ್ ಅನ್ನು 2009ರಲ್ಲಿ ಅಪೊಲೊ ಕೊಂಡುಕೊಂಡಿತು; ಫಾಲ್ಕನ್ ಸುಮಿಟೊಮೊದವರದು. ಇವುಗಳ ಜೊತೆಗೆ ಹ್ಯಾಂಕುಕ್, ಕುಮ್ಹೊ ಕಂಪನಿಗಳ ಪರ್ಫಾರ್ಮೆನ್ಸ್ ಮಾದರಿಗಳನ್ನೂ ಸೇರಿಸಿ, ಮಧ್ಯಮ ಬೆಲೆಯವುಗಳನ್ನೇ ಅಂತಿಮ ಪಟ್ಟಿಗೆ ಇಳಿಸಿದ್ದೇನೆ. ಪತ್ರಿಕೆಗಳ ತುಲನಾತ್ಮಕ ಪರೀಕ್ಷೆಗಳನ್ನು ಓದುವಾಗ ಅವರು ಪರೀಕ್ಷಿಸಿದ ಅಳತೆ ನನ್ನದಕ್ಕೆ ಹತ್ತಿರವಿದೆಯೇ ಎಂಬುದನ್ನು ಮೊದಲು, ಒದ್ದೆ ಬ್ರೇಕಿನ ಸಾಲನ್ನು ಆಮೇಲೆ ನೋಡಿ, ಒಣ ಟ್ರ್ಯಾಕಿನ ಸುತ್ತಿನ ಸಮಯವನ್ನು ಕೊನೆಗೆ ಬಿಟ್ಟೆ. ಅಳತೆಯೊಂದು ಸರಿಯಿದೆಯೆಂದು ಮಾರುವ ತೀರಾ ಅಗ್ಗದ ಅಪರಿಚಿತ ಹೆಸರುಗಳನ್ನೂ, ಯಾರೋ ಬಳಸಿ ಬಿಟ್ಟ ಟೈರ್‌ಗಳನ್ನೂ ನೋಡಲೇ ಇಲ್ಲ; ಪಕ್ಕದ ಗೋಡೆಯೊಳಗೆ ದಾರ ತುಂಡಾಗಿದೆಯೇ, ಗಾಳಿಯಿಲ್ಲದೆ ಎಷ್ಟು ದೂರ ಓಡಿದೆ ಎಂಬುದು ಹೊರಗಿನಿಂದ ಕಾಣುವಂಥದ್ದಲ್ಲ.

ಎರಡೋ ನಾಲ್ಕೋ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಕಷ್ಟವಾಗಲಿಲ್ಲ. ಎರಡನ್ನೇ ಬದಲಿಸುವುದಾದರೆ ಹೊಸವು ಹಿಂದಕ್ಕೇ ಹೋಗಬೇಕು, ಏಕೆಂದರೆ ನೀರಿನಲ್ಲಿ ಮುಂದಿನ ಚಕ್ರಗಳು ಹಿಡಿತ ಬಿಟ್ಟರೆ ಕಾರು ನೇರಕ್ಕೆ ಜಾರುತ್ತದೆ, ಹಿಂದಿನವು ಬಿಟ್ಟರೆ ಗಿರಕಿ ಹೊಡೆಯುತ್ತದೆ. ಎರಡನೆಯದನ್ನು ಸರಿಪಡಿಸಿಕೊಳ್ಳುವ ಕೈಚಳಕ ಸಾಮಾನ್ಯ ಚಾಲಕರಿಗೆ ಇರುವುದಿಲ್ಲ. ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ ಈ ಕಾರಿಗಂತೂ ಅದು ಇನ್ನಷ್ಟು ನಿಜ. ಆದರೆ ಮುಂದೆ ಏಳು ವರ್ಷದ ಗಡುಸು ರಬ್ಬರ್, ಹಿಂದೆ ಹೊಸ ಮೃದು ರಬ್ಬರ್ ಇದ್ದರೆ ಕಾರಿನ ಸಮತೋಲ ಕೆಡುತ್ತದೆ, ಬ್ರೇಕ್ ಹಾಕುವಾಗ ಭಾರವೆಲ್ಲ ಬೀಳುವುದು ಮುಂದಿನವುಗಳ ಮೇಲೆಯೇ. ಐದು ವರ್ಷ ದಾಟಿದ ಟೈರ್‌ಗಳನ್ನು ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ವರ್ಷಕ್ಕೆ ಕಾಲುವೆಗಳ ಆಳ ಎಷ್ಟೇ ಉಳಿದಿದ್ದರೂ ತೆಗೆಯಬೇಕು ಎಂದು ತಯಾರಕರು ಹೇಳುತ್ತಾರೆ. ನನ್ನವು ಆ ಗಡಿಯೊಳಗೇ ಇದ್ದರೂ ಪಕ್ಕದಲ್ಲಿ ಸಣ್ಣ ಬಿರುಕುಗಳು ಮೂಡಿವೆ. ಶ್ರೇಷ್ಠ ದರ್ಜೆಯ ಎರಡಕ್ಕೆ ಕೊಡುವ ಹಣಕ್ಕೆ ಇನ್ನು ಸ್ವಲ್ಪ ಸೇರಿಸಿದರೆ ಮಧ್ಯಮ ದರ್ಜೆಯ ನಾಲ್ಕು ಬರುತ್ತವೆ. ಒಂದೇ ಮಾದರಿಯ ನಾಲ್ಕನ್ನೇ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಹಿಂದೆ ಮುಂದೆ ಒಂದೇ ಅಳತೆಯಾದ್ದರಿಂದ ಅದಲುಬದಲು ಮಾಡಿ ಸವೆತವನ್ನು ಹಂಚುವ ಅನುಕೂಲವೂ ಇದೆ. ಹಿಂದಿನವು ಅಗಲವಾಗಿರುವ ಕಾರುಗಳಿಗೆ ಆ ಭಾಗ್ಯವಿಲ್ಲ.

ಒಳಅಂಚು ಮಾತ್ರ ಸವೆದಿರುವುದಕ್ಕೆ ಟೈರಿನ ಮೇಲೆ ದೂರು ಹೊರಿಸುವಂತಿಲ್ಲ. ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುವುದು ಇಂಥ ಕಾರುಗಳಲ್ಲಿ ಸಹಜ, ಆದರೆ ಅದರ ಜೊತೆಗೆ ಟೋ, ಅಂದರೆ ಚಕ್ರಗಳು ಮುಂದಕ್ಕೆ ಮುಖಮಾಡಿರುವ ಕೋನ, ತಪ್ಪಿದ್ದರೆ ರಬ್ಬರ್ ರಸ್ತೆಗೆ ಉಜ್ಜುತ್ತಲೇ ಹೋಗುತ್ತದೆ. ಸಸ್ಪೆನ್ಷನ್ನಿನ ಬುಷ್‌ಗಳು ಸಡಿಲವಾಗಿವೆಯೇ ಎಂದು ನೋಡಿಸಿ, ಹೊಸ ಟೈರ್ ಹಾಕಿದ ದಿನವೇ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದಕ್ಕೆ ಹಣವನ್ನು ಬೇರೆಯಾಗಿಯೇ ತೆಗೆದಿಟ್ಟಿದ್ದೇನೆ. ಅದನ್ನು ಉಳಿಸಲು ಹೋದರೆ ಹೊಸ ಟೈರ್‌ಗಳೂ ಇದೇ ರೀತಿ ಸವೆಯುತ್ತವೆ.

ನಾಳೆ ಕರೆ ಮಾಡಿ ಹೇಳಬೇಕಾದದ್ದು ಇಷ್ಟು: 225/45 ಆರ್ 17, 91 ಡಬ್ಲ್ಯುಗಿಂತ ಕೆಳಗಿನದು ಬೇಡ, ನಾಲ್ಕೂ ಒಂದೇ ಮಾದರಿ, ತಯಾರಿಕೆಯ ವಾರ ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು, ರಿಮ್ಮಿಗೆ ಹಾಕುವ ಮುನ್ನ ನಾಲ್ಕರ ಸಂಕೇತವನ್ನೂ ನಾನೇ ಓದುತ್ತೇನೆ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಡುತ್ತೇವೆ ಎಂದರೆ ರಿಯಾಯಿತಿ ಎಷ್ಟೆಂದು ಕೇಳಿ, ಕಳೆದುಹೋದ ವಯಸ್ಸಿಗೆ ಅದು ಸರಿದೂಗುತ್ತದೆಯೇ ಎಂದು ಅಲ್ಲೇ ತೀರ್ಮಾನಿಸಬಹುದು. ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು, ಏಕೆಂದರೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ಲೇಪ ಅಷ್ಟು ಹೊತ್ತು ಮೇಲ್ಮೈಯಲ್ಲಿ ಉಳಿದಿರುತ್ತದೆ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗ, ಬಾಗಿಲ ಫಲಕದಲ್ಲಿ ಹೇಳಿದಷ್ಟಕ್ಕೇ ಹೊಂದಿಸಿ ಶುರುಮಾಡುತ್ತೇನೆ. ಟೈರಿನ ಗೋಡೆಯ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನೇ ತುಂಬಿಸುವ ಅಂಗಡಿಗಳಿವೆಯಾದ್ದರಿಂದ ಮನೆಗೆ ಬಂದು ನನ್ನ ಮಾಪಕದಲ್ಲಿ ಮತ್ತೊಮ್ಮೆ ನೋಡಬೇಕು.