ಮರ ಅಳೆಯುವ ಮೊದಲು

ಕಾಡಿನಲ್ಲಿ ಒಂದು ಜಾಗ ಗುರುತಿಸಿ, ಅದೇ ಮರಗಳನ್ನು ಮತ್ತೆ ಮತ್ತೆ ಅಳೆದು ಬೆಳವಣಿಗೆ ತಿಳಿಯಲು ಹೊರಟವರಿಗೆ ಈ ಕೆಲವು ಮಾತು. ಬನ್ನೇರುಘಟ್ಟದಂಥ ಒಣ ಕಾಡಿನಲ್ಲಿ ಎಷ್ಟೋ ಮರಗಳ ಸುತ್ತಳತೆ ವರ್ಷಕ್ಕೆ ಹೆಚ್ಚುವುದು ಕೆಲವೇ ಮಿಲಿಮೀಟರ್. ಟೇಪು ಸ್ವಲ್ಪ ಓರೆಯಾಗಿ ಸುತ್ತಿಕೊಂಡರೆ ಒಂದು ಸೆಂ.ಮೀ. ಹೆಚ್ಚಿಗೆ ತೋರಿಸುತ್ತದೆ. ಎರಡು ಮೂರು ವರ್ಷದ ಬೆಳವಣಿಗೆ ಅಲ್ಲಿಗೇ ಮಾಯ.

ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮಲ್ಲೇಶ್ವರದ ಅರಣ್ಯ ಭವನಕ್ಕೆ ಅರ್ಜಿ ಹಾಕುವಾಗಲೇ ಗುರುತಿಗಾಗಿ ಮರಕ್ಕೆ ಮೊಳೆ, ಬಣ್ಣ ಹಾಕುವ ವಿಷಯ ಬರೆದುಬಿಡಿ, ಆಮೇಲೆ ತಕರಾರು ಬೇಡ.

ಮೊದಲು ಅಳೆಯುವ ಜಾಗವನ್ನು ಚೌಕಗಳಾಗಿ ಗುರುತಿಸಬೇಕು. ಒಂದು ಹೆಕ್ಟೇರ್ ಅಂದರೆ 20 ಮೀಟರ್ ಚೌಕದ 25 ತುಂಡು. ಒಂದೊಂದರ ಕರ್ಣವೂ 28.28 ಮೀಟರ್ ಬರಬೇಕು; ಬರದಿದ್ದರೆ ಮೂಲೆ ಸೊಟ್ಟಗಿದೆ. ಇಳಿಜಾರು 20 ಡಿಗ್ರಿ ಇದ್ದರೆ ನೆಲದ ಮೇಲೆ 21.28 ಮೀಟರ್ ಎಳೆದರೆ ತಾನೇ ಸಮತಲದಲ್ಲಿ 20 ಸಿಗುವುದು. ಮೂಲೆಗೆ ಕಲ್ಲು ನೆಡಿ. ಕಬ್ಬಿಣದ ಸರಳು ಗುಜರಿ ಅಂಗಡಿಯ ದಾರಿ ಹಿಡಿಯುತ್ತದೆ, ಮರಗಳ ಅಡಿಯಲ್ಲಿ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುವುದೂ ಮಾಮೂಲು.

ಸುತ್ತಳತೆ ತೆಗೆಯುವುದು ಎದೆಮಟ್ಟದಲ್ಲಿ. ಎದೆಮಟ್ಟ ಎಂದರೆ ನೆಲದಿಂದ 1.3 ಮೀಟರ್, ಅಳೆಯುವವರ ಎದೆಯಲ್ಲ. ಪಿವಿಸಿ ಪೈಪನ್ನು 130 ಸೆಂ.ಮೀ.ಗೆ ಕತ್ತರಿಸಿ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಪೈಪನ್ನು ಮೇಲ್ಬದಿಗೆ ನಿಲ್ಲಿಸಿ. ದರ್ಜಿಯ ಬಟ್ಟೆ ಟೇಪು ಹಿಗ್ಗುತ್ತದೆ, ಫೈಬರ್‌ಗ್ಲಾಸ್‌ನದು ತನ್ನಿ. ಬಳ್ಳಿ ಸುತ್ತಿದ್ದರೆ ಅದರಡಿಯಿಂದ ಟೇಪು ತೂರಿಸಬೇಕು. ಗಂಟು ಅಡ್ಡ ಬಂದರೆ ಅದನ್ನು ದಾಟಿ ಮೇಲ್ಗಡೆ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರೋ ಅದನ್ನೂ ಬರೆಯಿರಿ. ಅಳೆದ ಜಾಗಕ್ಕೆ ಬಣ್ಣದ ಗೆರೆ. ನಂಬರಿನ ಬಿಲ್ಲೆಗೆ ಅಲ್ಯೂಮಿನಿಯಂ ಮೊಳೆ, ಅದೂ ಗೆರೆಯಿಂದ ಒಂದಡಿಯಾದರೂ ದೂರ, ಏಕೆಂದರೆ ಮೊಳೆಯ ಸುತ್ತ ಕಾಂಡ ಊದಿಕೊಳ್ಳುತ್ತದೆ. ಮೊಳೆಯನ್ನು ಪೂರ್ತಿ ಹೊಡೆದರೆ ಕೆಲವೇ ವರ್ಷಗಳಲ್ಲಿ ಮರ ಬಿಲ್ಲೆಯನ್ನೇ ನುಂಗುತ್ತದೆ.

ಬೆಂಗಳೂರಿನ ಸುತ್ತಲ ಕಾಡುಗಳಲ್ಲಿ ಹೆಚ್ಚಿನವರು ಎಡವುವುದು ಬುಡಚಿಗುರಿನಲ್ಲಿ. ಹಿಂದೆಂದೋ ಸೌದೆಗೆ ಕಡಿದ ಜಾಲಾರಿ, ದಿಂಡಿಗ ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಎಬ್ಬಿಸಿ ನಿಂತಿರುತ್ತವೆ. 20, 30, 40 ಸೆಂ.ಮೀ. ಸುತ್ತಳತೆಯ ಮೂರು ಕಾಂಡಗಳನ್ನು ಕೂಡಿ 90 ಎಂದು ಬರೆಯುವುದನ್ನು ಆಗಾಗ ಕಾಣುತ್ತೇವೆ. ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ ಬರುವುದು ಸುಮಾರು 54. ತೊಂಬತ್ತು ಎಂದರೆ ಆ ಮರದ ಅಡ್ಡಕೊಯ್ತದ ವಿಸ್ತೀರ್ಣ ಇರುವುದಕ್ಕಿಂತ ಹತ್ತಿರಹತ್ತಿರ ಮೂರು ಪಟ್ಟಾಗುತ್ತದೆ. ಮರದಲ್ಲಿ ಎಷ್ಟು ಇಂಗಾಲ ಇದೆ ಎಂಬ ಲೆಕ್ಕವೂ ಅದರ ಜೊತೆಗೇ ಉಬ್ಬುತ್ತದೆ. ಕಾಂಡಗಳನ್ನು ಬೇರೆಬೇರೆಯಾಗಿ ದಾಖಲಿಸಿ, ಬುಡಕ್ಕೆ ಒಂದೇ ನಂಬರ್ ಕೊಡಿ. ಲೆಕ್ಕ ಆಮೇಲೆ ಯಾವಾಗ ಬೇಕಾದರೂ ಮಾಡಬಹುದು.

ಲಂಟಾನದ ಪೊದೆ ಕಡಿದು ದಾರಿ ಮಾಡುವಾಗಲೂ ಎಚ್ಚರ ಬೇಕು. ಅದರಡಿಯ ಸಸಿಗಳೂ ಕತ್ತಿಗೆ ಸಿಕ್ಕಿದರೆ ಮುಂದಿನ ಸಲ ಸಿಗುವುದು ನೀವೇ ಕೆಡಿಸಿದ ಅಂಕಿ.

ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಗುರುತಿಸಿ, 1 ಸೆಂ.ಮೀ. ವ್ಯಾಸದ ಕಾಂಡವನ್ನೂ ಬಿಡದೆ ಎಣಿಸಿದರು. ಆನೆ, ಬೆಂಕಿ, ಬರದ ಪರಿಣಾಮವನ್ನು ಅಲ್ಲಿ ಮರಮರವಾಗಿ ಹೇಳಲು ಬರುವುದು ಅದೇ ಕಾಂಡಗಳನ್ನು ಮತ್ತೆ ಮತ್ತೆ ಅಳೆದಿರುವುದರಿಂದ.

ಮರು ಅಳತೆಯನ್ನು ಅದೇ ತಿಂಗಳಲ್ಲಿ ಮಾಡಿ. ಬೇಸಿಗೆಯಲ್ಲಿ ನೀರಿಲ್ಲದೆ ಕಾಂಡ ಕುಗ್ಗುತ್ತದೆ, ಮಳೆಗೆ ಮತ್ತೆ ಉಬ್ಬುತ್ತದೆ. ಮತ್ತಿಯ ಮೊಸಳೆ ಚರ್ಮದಂಥ ತೊಗಟೆಯ ಚಕ್ಕೆ ಉದುರಿದರೂ ಅಳತೆ ಇಳಿಯುತ್ತದೆ. ಹಳೆಯ ಅಂಕಿಗಿಂತ ಕಡಿಮೆ ಬಂದರೆ ಇನ್ನೊಮ್ಮೆ ಅಳೆಯಿರಿ. ಆಗಲೂ ಅಷ್ಟೇ ಬಂದರೆ ಅದನ್ನೇ ಬರೆದು, ಪಕ್ಕದಲ್ಲಿ ‘ತೊಗಟೆ ಉದುರಿದೆ’ ಎಂದು ಷರಾ ಹಾಕಿ.