ರೂಟರಿನ ಸಿಡಿ ಲೈಟ್ ಹಸಿರಿದೆ, ಆದ್ರೂ ಪಿಂಗ್ ಹೋಗ್ತಿಲ್ಲ

ಬ್ರಾಂಚ್‌ಗೆ ಫೋನ್ ಮಾಡಿ ರೂಟರ್ ಹಿಂದೆ ಯಾವ್ ಲೈಟ್ ಉರೀತಿದೆ ಸ್ವಲ್ಪ ನೋಡಿ ಹೇಳಿ ಸಾರ್ ಅಂದ್ರೆ ಬರೋ ಉತ್ತರ ಯಾವಾಗ್ಲೂ ಒಂದೇ, "ಎಲ್ಲಾ ಉರೀತಿದೆ ಸಾರ್". ಎಲ್ಲಾ ಉರೀತಿದ್ರೆ ಅದೇ ತೊಂದ್ರೆ, ಯಾಕಂದ್ರೆ ಅದ್ರಲ್ಲಿ ಎರಡು ಉರೀಲೇಬಾರ್ದು.

ನಾನ್ ಹೇಳ್ತಿರೋದು ಸಿಸ್ಕೋ 1841, 2811 ಥರದ ಹಳೇ ಡಬ್ಬಗಳಲ್ಲಿ ಹಾಕ್ತಿದ್ದ ಇ1 ಕಾರ್ಡ್ ಬಗ್ಗೆ, ಟೆಲಿಕಾಂನವರಿಂದ ಬಾಡಿಗೆಗೆ ತಗೊಂಡ 2.048 ಎಂಬಿಪಿಎಸ್ ಲೈನ್ (ಲೀಸ್ಡ್ ಲೈನ್) ಬಂದು ಸೇರೋದು ಇದಕ್ಕೇ. ಮುಖದ ಮೇಲೆ ಮೂರು ಪುಟಾಣಿ ಲೈಟು. ಸಿಡಿ (ಕ್ಯಾರಿಯರ್ ಡಿಟೆಕ್ಟ್) ಅಂದ್ರೆ ಲೈನಲ್ಲಿ ಸಿಗ್ನಲ್ ಸಿಕ್ಕಿದೆ, ಹಸಿರು. ಎಎಲ್ ಅಲಾರಂ, ಎಲ್‌ಪಿ ಲೂಪ್ (ಕಳಿಸಿದ್ದನ್ನೇ ವಾಪಸ್ ತಿರುಗಿಸೋದು), ಎರಡೂ ಹಳದಿ.

ಎಎಲ್ ಹತ್ತಿದ ತಕ್ಷಣ ಕೇಬಲ್ ಕೀಳೋಕ್ ಹೋಗ್ಬೇಡಿ, ಮೊದ್ಲು ರೂಟರಲ್ಲಿ ಶೋ ಕಂಟ್ರೋಲರ್ಸ್ ಇ1 ಅನ್ನೋ ಕಮಾಂಡ್ ಹೊಡೀರಿ. ಲಾಸ್ ಆಫ್ ಸಿಗ್ನಲ್ ಅಂದ್ರೆ ನಮ್ ಕಡೆಗೆ ಏನೂ ಬರ್ತಿಲ್ಲ, ಕೇಬಲ್ಲೋ ಮೋಡೆಮ್ಮೋ ನೋಡಿ. ಎಐಎಸ್ (ಅಲಾರಂ ಇಂಡಿಕೇಶನ್ ಸಿಗ್ನಲ್) ಅಂತ ಬಂದ್ರೆ ನಮ್ ಕೇಬಲ್ ಪಾಪ ಚೆನ್ನಾಗೇ ಇದೆ, ಹಿಂದೆ ಎಲ್ಲೋ ಲೈನ್ ಕಡಿದಿದೆ, ಮಧ್ಯದ ಮಕ್ಸ್ (ಹಲವು ಲೈನ್ ಒಟ್ಟುಗೂಡಿಸೋ ಟೆಲಿಕಾಂ ಡಬ್ಬ) ಬರೀ ಒಂದುಗಳನ್ನ ಕಳಿಸ್ತಾ ಕೂತಿದೆ, ಟೆಲಿಕಾಂನವರಿಗೆ ಡಾಕೆಟ್ (ದೂರು) ಹಾಕಿ ಸುಮ್ನಿರಿ. ರಿಮೋಟ್ ಅಲಾರಂ ಇದ್ರೆ ಆ ತುದಿಯವ್ರು ಹೇಳೋದು ನಮಗೆ ಕೇಳ್ತಿದೆ, ನಮ್ದು ಅವರಿಗೆ ಕೇಳ್ತಿಲ್ಲ, ಆಗ ನೋಡ್ಬೇಕಿರೋದು ಟ್ರಾನ್ಸ್‌ಮಿಟ್ ಜೋಡಿ, ಅಂದ್ರೆ ಕಾರ್ಡಿನ 4 ಮತ್ತು 5ನೇ ಪಿನ್. ವೈರ್ ಸೇರಿಸೋ ಕ್ರೋನ್ ಪಟ್ಟಿಯಲ್ಲಿ ಪಂಚ್ (ಒತ್ತಿ ಕೂರಿಸಿದ ವೈರ್) ಸಡಿಲ ಆಗಿರೋದು ಬೇಕಾದಷ್ಟು ಸಲ ನೋಡಿದೀನಿ.

ನಿಜವಾಗ್ಲೂ ತಲೆ ಕೆಡಿಸೋದು ಮಾತ್ರ ಲೂಪ್. ನಮ್ ಕಾರ್ಡಲ್ಲೇ ಲೂಪ್ ಹಾಕಿದ್ರೆ ಎಲ್‌ಪಿ ಉರಿಯುತ್ತೆ, ಸರಿ. ಆದ್ರೆ ಟೆಸ್ಟಿಂಗ್‌ಗೆ ಅಂತ ಆ ಕಡೆ ಮಕ್ಸಲ್ಲಿ ಯಾರೋ ಲೂಪ್ ಹಾಕಿ ಟೀ ಕುಡಿಯೋಕ್ ಹೋದ್ರೆ ಎಲ್‌ಪಿಗೆ ಅದರ ಸುದ್ದೀನೇ ಇರಲ್ಲ, ನಾವ್ ಕಳಿಸಿದ್ದೇ ನಮಗ್ ವಾಪಸ್ ಬರ್ತಿರುತ್ತೆ, ಸಿಗ್ನಲ್ ಇದೆ ಫ್ರೇಮ್ ಇದೆ, ಸಿಡಿ ಹಸಿರಾಗಿ ನಗ್ತಿರುತ್ತೆ, ಬ್ರಾಂಚ್‌ನವ್ರು ಲಿಂಕ್ ಅಪ್ ಇದೆ ಅಂತಾರೆ, ಪಿಂಗ್ (ಆ ತುದಿ ಉತ್ತರ ಕೊಡ್ತಿದೆಯಾ ಅನ್ನೋ ಪರೀಕ್ಷೆ) ಮಾತ್ರ ಇಲ್ಲ. ಲೈನ್ ಮೇಲೆ ಎಚ್‌ಡಿಎಲ್‌ಸಿ ಅನ್ನೋ ಪ್ರೋಟೋಕಾಲ್ ಓಡ್ತಿದ್ರೆ ಶೋ ಇಂಟರ್‌ಫೇಸ್ ಕಮಾಂಡಲ್ಲಿ ಪ್ರೋಟೋಕಾಲ್ ಅಪ್ ಅಂತ್ಲೇ ಇದ್ದು ಪಕ್ಕದಲ್ಲಿ ಬ್ರಾಕೆಟ್ ಒಳಗೆ ಲೂಪ್ಡ್ ಅಂತ ಸಣ್ಣಗೆ ಬರ್ದಿರುತ್ತೆ, ಆ ಒಂದು ಪದ ಕಣ್ಣಿಗೆ ಬೀಳ್ದೆ ಇದ್ರೆ ಇಡೀ ಮಧ್ಯಾಹ್ನ ರೌಟಿಂಗಲ್ಲಿ ತಪ್ಪು ಹುಡುಕ್ತಾ ಕೂರೋದೇ.

ಕ್ಲಾಕ್ (ಎರಡೂ ತುದಿ ಒಂದೇ ತಾಳದಲ್ಲಿ ಬಿಟ್ ಕಳಿಸೋಕೆ ಬೇಕಾದ ಗಡಿಯಾರ) ತಪ್ಪಿದ್ರೂ ಅಷ್ಟೇ, ಯಾವ ಲೈಟೂ ಬಾಯಿ ಬಿಡಲ್ಲ. ಲೈನ್ ನಿಧಾನ ಅಂತ ಕಂಪ್ಲೇಂಟ್ ಬಂದ್ರೆ ಸ್ಲಿಪ್ (ತಾಳ ತಪ್ಪಿ ಫ್ರೇಮ್ ಜಾರಿದ್ದು) ಎಣಿಕೆ ಏರ್ತಿದೆಯಾ ನೋಡಿ, ಏರ್ತಿದ್ರೆ ಕ್ಲಾಕ್ ಸೋರ್ಸ್ ಇಂಟರ್ನಲ್ ಅಂತ ಬಿಟ್ಟಿದ್ದಾರಾ ಚೆಕ್ ಮಾಡಿ, ಟೆಲಿಕಾಂ ಲೈನಿಗೆ ಅದು "ಲೈನ್" ಅಂತ ಇರ್ಬೇಕು.

ಆಮೇಲೆ ಈ ಡಬ್ಬಗಳಲ್ಲಿ ಕಾರ್ಡ್ ತೆಗೆಯೋದಿದ್ರೆ ಪವರ್ ಆಫ್ ಮಾಡೇ ತೆಗೀರಿ, ಆನ್ ಇದ್ದಾಗ್ಲೇ ಎಳೆಯೋ ಸೌಕರ್ಯ ಇವಕ್ಕಿಲ್ಲ.