ಒಂದಂಚೋ ಎರಡಂಚೋ: ಹಿತವಾದ ಶೇವ್‌ಗೆ ಬ್ಲೇಡಿನ ದಪ್ಪದ ಲೆಕ್ಕ

ಸೇಫ್ಟಿ ರೇಜರ್ ಕೊಳ್ಳಹೊರಟವರ ಮೊದಲ ಪ್ರಶ್ನೆ, ಒಂದಂಚಿನದು ತಗೊಳ್ಳಲೋ ಎರಡಂಚಿನದೋ ಎಂದು. ಕೆನ್ನೆಗೆ ತಾಗುವುದು ಎರಡರಲ್ಲೂ ಒಂದೇ ಅಂಚು. ಎರಡಂಚಿನ ಬ್ಲೇಡಿನ ಇನ್ನೊಂದು ಬದಿ ಆ ಹೊತ್ತಿಗೆ ಸರದಿ ಕಾಯುತ್ತಿರುತ್ತದೆ, ಅಷ್ಟೆ. ಶೇವ್ ಹಿತವಾಗುತ್ತದೋ ಉರಿಯುತ್ತದೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಮೂರು: ಬ್ಲೇಡು ಎಷ್ಟು ದಪ್ಪ, ರೇಜರಿನ ತಲೆ ಅದನ್ನು ಅಂಚಿಗೆ ಎಷ್ಟು ಹತ್ತಿರದಲ್ಲಿ ಬಿಗಿಹಿಡಿದಿದೆ, ಅಂಚು ಎಷ್ಟು ಹೊರಗೆ ಚಾಚಿದೆ. ಎರಡು ಜಾತಿಗಳ ನಿಜವಾದ ವ್ಯತ್ಯಾಸ ಇರುವುದೂ ಇಲ್ಲೇ.

ನಮ್ಮ ಅಂಗಡಿಗಳಲ್ಲಿ ಸಿಗುವ 7 ಓ'ಕ್ಲಾಕ್, ಟೋಪಾಜ್ ಮೊದಲಾದವು ಎರಡಂಚಿನ ಬ್ಲೇಡುಗಳು. ದಪ್ಪ 0.1 ಮಿ.ಮೀ., ಉದ್ದ ಸುಮಾರು 43 ಮಿ.ಮೀ., ಅಗಲ 22 ಮಿ.ಮೀ. ಯಾವ ಕಂಪನಿಯದಾದರೂ ಯಾವ ಎರಡಂಚಿನ ರೇಜರಿಗಾದರೂ ಕೂರುತ್ತದೆ. ಒಂದಂಚಿನ ಬ್ಲೇಡುಗಳಲ್ಲಿ ಈ ಏಕರೂಪತೆ ಇಲ್ಲ. ಬೆನ್ನಿಗೆ ಲೋಹದ ಪಟ್ಟಿ ಮಡಿಸಿರುವ ಜೆಮ್ ಮಾದರಿಯ ಬ್ಲೇಡು ಸುಮಾರು 0.23 ಮಿ.ಮೀ. ದಪ್ಪ. ಜೇಕಬ್ ಶಿಕ್ 1920ರ ದಶಕದಲ್ಲಿ ಶುರುಮಾಡಿದ ಪರಂಪರೆಯ ಇಂಜೆಕ್ಟರ್ ಬ್ಲೇಡು ಸುಮಾರು 0.25 ಮಿ.ಮೀ.; ಡಬ್ಬಿಯಿಂದ ನೇರವಾಗಿ ರೇಜರಿನೊಳಗೆ ತಳ್ಳಬಹುದು. ಜಪಾನಿನ ಫೆದರ್ ಕಂಪನಿಯ ಆರ್ಟಿಸ್ಟ್ ಕ್ಲಬ್ ಬ್ಲೇಡು ಇನ್ನೂ ಉದ್ದ, ಅದೂ ದಪ್ಪವೇ. ಒಂದರ ರೇಜರಿಗೆ ಇನ್ನೊಂದರ ಬ್ಲೇಡು ಕೂರುವುದಿಲ್ಲ. ಕೊಳ್ಳುವ ಮೊದಲೇ ಇದು ಗೊತ್ತಿರಬೇಕು.

ದಪ್ಪ ಏಕೆ ಮುಖ್ಯ ಅಂದರೆ, ಬಿಗಿಹಿಡಿದ ಜಾಗದಿಂದ ಹೊರಚಾಚಿದ ಉಕ್ಕಿನ ಹಾಳೆ ಬಾಗದೆ ನಿಲ್ಲುವ ಶಕ್ತಿ ಅದರ ದಪ್ಪದ ಘನದಂತೆ ಏರುತ್ತದೆ. ಚಾಚು ಅಷ್ಟೇ ಇದ್ದರೆ, 0.23 ಮಿ.ಮೀ. ಹಾಳೆ 0.1 ಮಿ.ಮೀ. ಹಾಳೆಗಿಂತ ಸುಮಾರು 12 ಪಟ್ಟು ಬಿಗುವು. ತೆಳು ಬ್ಲೇಡು ಗಟ್ಟಿ ಕೂದಲಿಗೆ ಸಿಕ್ಕಾಗ ಅಂಚು ಹಿಂದಕ್ಕೆ ಬಾಗಿ, ಕೂದಲು ತುಂಡಾದ ಕೂಡಲೇ ಪುಟಿದು ಮುಂದಕ್ಕೆ ಬರುತ್ತದೆ. ಗದ್ದದ ಮೇಲೆ, ದವಡೆಯ ಕೆಳಗೆ ಸಾಲುಸಾಲು ಕೂದಲಿಗೆ ಇದು ಆಗುತ್ತಾ ಹೋದರೆ ರೇಜರ್ ನಡುಗಿದಂತೆ ಕೈಗೆ ತಿಳಿಯುತ್ತದೆ. ಉರಿಗೂ ಕೆಂಪು ಚುಕ್ಕೆಗಳಿಗೂ ಒಂದು ದೊಡ್ಡ ಕಾರಣ ಈ ನಡುಕ.

ತೆಳು ಬ್ಲೇಡು ಹುಟ್ಟಿದ್ದು ಹಿತಕ್ಕಾಗಿಯಲ್ಲ, ಅಗ್ಗಕ್ಕಾಗಿ. 1880ರಲ್ಲಿ ಅಮೆರಿಕದ ಕಾಂಫೆ ಸಹೋದರರು ಪೇಟೆಂಟ್ ಪಡೆದ ರೇಜರಿನಲ್ಲಿ ಇದ್ದದ್ದು ಒಂದಂಚಿನ ದಪ್ಪ ಬ್ಲೇಡು. ಅದನ್ನು ಚರ್ಮದ ಪಟ್ಟಿಯ ಮೇಲೆ ಮತ್ತೆ ಮತ್ತೆ ಮಸೆಯಬೇಕಿತ್ತು. ಬಳಸಿ ಬಿಸಾಡುವ ಬ್ಲೇಡು ಬೇಕೆಂದು ಹೊರಟ ಕಿಂಗ್ ಕ್ಯಾಂಪ್ ಜಿಲೆಟ್ ತೆಳು ಹಾಳೆಯ ಉಕ್ಕನ್ನು ಹಿಡಿದರು. ಅಷ್ಟು ತೆಳು ಹಾಳೆಯನ್ನು ಹದಗೊಳಿಸುವ ವಿಧಾನ ಕಂಡುಹಿಡಿದವರು ಎಂಜಿನಿಯರ್ ವಿಲಿಯಂ ನಿಕರ್‌ಸನ್. 1904ರ ಜಿಲೆಟ್ ಪೇಟೆಂಟಿನಲ್ಲೇ, ಬ್ಲೇಡು ತನ್ನಷ್ಟಕ್ಕೆ ನಿಲ್ಲಲಾರದಷ್ಟು ತೆಳು, ಅಂಚು ಬಿಗಿಯಾಗಿರಲು ಅದಕ್ಕೆ ಹೊರಗಿನ ಆಸರೆ ಬೇಕು ಎಂಬ ಮಾತಿದೆ. ಎರಡಂಚಿನ ರೇಜರಿನ ತಲೆ ಕಮಾನಾಗಿರುವುದು ಇದೇ ಕಾರಣಕ್ಕೆ. ಸ್ಕ್ರೂ ಬಿಗಿಯುತ್ತಿದ್ದಂತೆ ಬ್ಲೇಡು ಬಾಗಿ ಕೂರುತ್ತದೆ, ಬಾಗಿದ ಹಾಳೆಗೆ ಚಪ್ಪಟೆ ಹಾಳೆಗಿಲ್ಲದ ಬಿಗುವು ಬರುತ್ತದೆ. ಬ್ಲೇಡಿನ ಮೇಲೆ ಕೂರುವ ಟೊಪ್ಪಿ ಮತ್ತು ಕೆಳಗಿರುವ ತಳತಟ್ಟೆ ಅಂಚಿನ ಹತ್ತಿರದವರೆಗೂ ಬ್ಲೇಡನ್ನು ಒತ್ತಿಹಿಡಿದಿದ್ದರೆ 0.1 ಮಿ.ಮೀ. ಬ್ಲೇಡೂ ನಡುಗುವುದಿಲ್ಲ. ಮಧ್ಯದಲ್ಲಿ ಮಾತ್ರ ಹಿಡಿದು ಅಂಚನ್ನು ಸಡಿಲ ಬಿಟ್ಟ ಕಳಪೆ ರೇಜರ್ ಬಳಸಿ 'ಎರಡಂಚಿನದು ನನಗಾಗುವುದಿಲ್ಲ' ಎನ್ನುವವರು ಬಹಳ. ಆಗದಿರುವುದು ಆ ತಲೆ.

ಇನ್ನು ಅಂಚಿನ ಚಾಚು. ಟೊಪ್ಪಿಯ ತುದಿಗೂ, ಅಂಚಿನ ಕೆಳಗೆ ಚರ್ಮವನ್ನು ತಡೆದುನಿಲ್ಲಿಸುವ ಪಟ್ಟಿಯಾದ ಗಾರ್ಡಿಗೂ ಒಂದು ಗೆರೆ ಎಳೆದರೆ, ಅಂಚು ಆ ಗೆರೆಯಿಂದ ಹೊರಗಿದ್ದರೆ ರೇಜರ್ ಕಟು, ಒಳಗಿದ್ದರೆ ಸೌಮ್ಯ. ಅಂಚಿಗೂ ಗಾರ್ಡಿಗೂ ಇರುವ ಸಂದು ಇನ್ನೊಂದು ಅಳತೆ. ಜನ ಸಂದನ್ನು ಮಾತ್ರ ನೋಡಿ ಕೊಳ್ಳುತ್ತಾರೆ, ಆದರೆ ಚರ್ಮಕ್ಕೆ ಮೊದಲು ಅನುಭವಕ್ಕೆ ಬರುವುದು ಚಾಚು. ಜರ್ಮನಿಯ ಮ್ಯೂಲೆ ಕಂಪನಿಯದೇ ಎರಡು ರೇಜರುಗಳನ್ನು ನೋಡಿ: ಆರ್89 ಹೊಸಬರಿಗೂ ಸೌಮ್ಯ, ಹಲ್ಲುಗಾರ್ಡಿನ ಆರ್41 ಬಲು ಕಟು, ಪಳಗಿದ ಕೈಗೆ ಮಾತ್ರ. ಹಲ್ಲುಗಳಿರುವುದು ನೊರೆಯನ್ನೂ ಮೂರ್ನಾಲ್ಕು ದಿನ ಬೆಳೆದ ಉದ್ದ ಕೂದಲನ್ನೂ ಅಂಚಿನವರೆಗೆ ಬಿಡಲಿಕ್ಕೆ. ದಿನವೂ ಬೋಳಿಸುವವರಿಗೆ ನೇರಗಾರ್ಡೇ ಸಾಕು. ಮರ್ಕುರ್ 34ಸಿ, ಎಡ್ವಿನ್ ಜಾಗರ್ ಡಿಇ89 ಕೂಡ ಇದೇ ಸೌಮ್ಯ ಗುಂಪಿನವು.

ಕೈಯಲ್ಲಿ ಹಿಡಿದಾಗ ಕಾಣುವ ವ್ಯತ್ಯಾಸ ಕೋನದ್ದು. ಎರಡಂಚಿನ ರೇಜರಿನ ಟೊಪ್ಪಿಯನ್ನು ಕೆನ್ನೆಗೆ ತಾಗಿಸಿ, ಹಿಡಿಕೆಯನ್ನು ಕೆನ್ನೆಗೆ ಲಂಬವಾಗಿಟ್ಟುಕೊಳ್ಳಿ. ಈಗ ಅಂಚು ಚರ್ಮ ಮುಟ್ಟುತ್ತಿರುವುದಿಲ್ಲ. ಹಿಡಿಕೆಯನ್ನು ನಿಧಾನವಾಗಿ ಕೆಳಗಿಳಿಸುತ್ತಾ ಪುಟ್ಟದಾಗಿ ಎಳೆಯಿರಿ. ಕೂದಲು ಕತ್ತರಿಸುವ ಸದ್ದು ಕೇಳಿದ ಕಡೆ ನಿಲ್ಲಿಸಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರುತ್ತದೆ. ಅದಕ್ಕಿಂತ ಇಳಿಸಿದರೆ ಅಂಚು ಚರ್ಮವನ್ನು ಕೆರೆಯಲು ತೊಡಗುತ್ತದೆ. ದವಡೆಯ ತಿರುವಿನಲ್ಲಿ ಮುಖ ಬಾಗಿದಂತೆ ಮಣಿಕಟ್ಟೂ ತಿರುಗಬೇಕು, ಅದೇ ಹೊಸಬರು ತಪ್ಪುವ ಜಾಗ. ಜೆಮ್ ಮಾದರಿಯಲ್ಲಿ ಈ ಹುಡುಕಾಟ ಕಡಿಮೆ. ತಲೆಯ ಚಪ್ಪಟೆ ಮೇಲ್ಭಾಗವನ್ನು ಕೆನ್ನೆಯ ಮೇಲೆ ಮಟ್ಟಸವಾಗಿ ಮಲಗಿಸಿ ಎಳೆದರೆ ಕೋನ ಹೆಚ್ಚುಕಡಿಮೆ ತಾನೇ ಸರಿಯಾಗುತ್ತದೆ. ಸದ್ದೂ ಜೋರು, ಕರಕರ ಎಂದು ಕೇಳಿಸುತ್ತದೆ; ಎಲ್ಲಿ ಕೂದಲು ಉಳಿದಿದೆ ಎಂದು ಕಿವಿಗೇ ತಿಳಿಯುತ್ತದೆ. ಆದರೆ ಒತ್ತಡದ ವಿಷಯದಲ್ಲಿ ದಪ್ಪ ಬ್ಲೇಡು ಕ್ಷಮಿಸುವುದಿಲ್ಲ. ತಾನು ಬಾಗದ ಕಾರಣ ಒತ್ತಿದಷ್ಟೂ ಪೂರ್ತಿ ಚರ್ಮಕ್ಕೇ ಹೋಗುತ್ತದೆ. ಬ್ಲೇಡು ಕೂರಿಸಿದ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್ ಒತ್ತಿ ಅಭ್ಯಾಸವಾದವರಿಗೆ ಮೊದಲ ವಾರದ ಗಾಯಗಳು ಬರುವುದು ಹೀಗೆ. ಜೆಮ್ ತಲೆ ದೊಡ್ಡದು, ಮೂಗಿನ ಕೆಳಗೆ ಇಕ್ಕಟ್ಟು. ಇಂಜೆಕ್ಟರ್ ತಲೆ ಕಿರಿದು, ಮೇಲ್ತುಟಿಗೆ ಅದರಷ್ಟು ಒಗ್ಗುವುದು ಇನ್ನೊಂದಿಲ್ಲ.

ಒಂದಂಚಿನವು ಎಂದು ಮಾರುವ ಕೆಲವು ರೇಜರುಗಳಿಗೆ ಎರಡಂಚಿನ ಬ್ಲೇಡನ್ನೇ ಅರ್ಧ ಮುರಿದು ಹಾಕಬೇಕು. ಲೀಫ್ ಕಂಪನಿಯ ಟ್ವಿಗ್ ಅಂಥದ್ದು. ನಮ್ಮ ಕ್ಷೌರದಂಗಡಿಗಳ ಕತ್ತಿಯಲ್ಲೂ ಕಾಗದದ ಸಮೇತ ಮುರಿದ ಅರ್ಧ ಬ್ಲೇಡೇ ಇರುತ್ತದೆ, ಪ್ರತಿ ಗಿರಾಕಿಗೂ ಹೊಸದು. ಅರ್ಧ ಬ್ಲೇಡಿನ ರೇಜರಿಗೆ ಕಿರಿದಾದ ತಲೆಯ ಅನುಕೂಲವಿದೆ, ಬ್ಲೇಡು ಎಲ್ಲೆಡೆ ಸಿಗುತ್ತದೆ. ಆದರೆ ದಪ್ಪ ಅದೇ 0.1 ಮಿ.ಮೀ. ಗಟ್ಟಿ ಬ್ಲೇಡಿನ ಹಿತ ಬಯಸಿ ಇದನ್ನು ಕೊಂಡರೆ ಬಯಸಿದ್ದು ಸಿಗುವುದಿಲ್ಲ. 2010ರಲ್ಲಿ ಭಾರತಕ್ಕೆಂದೇ ಬಂದ ಜಿಲೆಟ್ ಗಾರ್ಡ್‌ನಲ್ಲೂ ಇರುವುದು ಒಂದೇ ಬ್ಲೇಡು, ಆದರೆ ಅದು ಕಾರ್ಟ್ರಿಜ್. ಈ ಲೆಕ್ಕಕ್ಕೆ ಬರುವುದಿಲ್ಲ.

ಬ್ಲೇಡು ಹಾಕುವುದರಲ್ಲಿ ಆಗುವ ತಪ್ಪು ಎರಡಂಚಿನದರಲ್ಲೇ ಹೆಚ್ಚು. ಮೂರು ತುಂಡಿನ ರೇಜರಾದರೆ ಟೊಪ್ಪಿಯನ್ನು ಅಂಗೈಯಲ್ಲಿ ಮಗುಚಿ ಹಿಡಿದು, ಗೂಟಗಳಿಗೆ ಬ್ಲೇಡು ಕೂರಿಸಿ, ಮೇಲೆ ತಳತಟ್ಟೆ ಇಟ್ಟು, ಹರಿತವಿಲ್ಲದ ಎರಡು ಚಿಕ್ಕ ತುದಿಗಳನ್ನು ಬೆರಳಲ್ಲಿ ಒತ್ತಿಕೊಂಡೇ ಹಿಡಿಕೆ ತಿರುಗಿಸಿ. ನಂತರ ಬೆಳಕಿಗೆ ಹಿಡಿದು ಎರಡೂ ಬದಿಯ ಸಂದು ಸಮನಾಗಿದೆಯೇ ನೋಡಿ. ಒಂದು ಬದಿ ನುಣ್ಣಗೆ ಹೋಗಿ ಇನ್ನೊಂದು ಬದಿ ಕಚ್ಚುತ್ತಿದ್ದರೆ ಬ್ಲೇಡು ಓರೆಯಾಗಿದೆ ಎಂದೇ ಅರ್ಥ. ಸಡಿಲಿಸಿ ಮತ್ತೆ ಬಿಗಿಯಿರಿ. ಚಿಟ್ಟೆಯ ರೆಕ್ಕೆಯ ಹಾಗೆ ತೆರೆಯುವ ರೇಜರುಗಳಲ್ಲಿ ರೆಕ್ಕೆಯ ಸಂದಿಗೆ ಸೋಪು ಕಟ್ಟಿದರೂ ಹೀಗಾಗುತ್ತದೆ. ಜೆಮ್ ರೇಜರಿನಲ್ಲಿ ಬ್ಲೇಡು ಮೂಲೆಗಳ ಎರಡು ತಡೆಗಳಿಗೆ ಒತ್ತಿ ನಿಲ್ಲಬೇಕು. ಮೈಕ್ರೊಮ್ಯಾಟಿಕ್ ಎಂಬ ಹಳೆಯ ಜೆಮ್ ರೇಜರ್ ಕೊಳ್ಳುವವರು ಆ ತಡೆಗಳು ಸವೆದಿಲ್ಲವೇ ಎಂದು ನೋಡಿಯೇ ಹಣ ಕೊಡಿ. ಸವೆದಿದ್ದರೆ ಅಂಚು ಒಂದು ತುದಿಯಲ್ಲಿ ಹೆಚ್ಚು ಹೊರಬರುತ್ತದೆ.

ಒಂದು ಎಚ್ಚರಿಕೆ. ಬಣ್ಣ, ಅಂಟು ಕೆರೆಯಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದಂಚಿನ ಬ್ಲೇಡು ನೋಡಲು ಜೆಮ್ ಬ್ಲೇಡಿನಂತೆಯೇ ಇರುತ್ತದೆ, ರೇಜರಿನೊಳಗೂ ಹೋಗಬಹುದು. ಅದರ ಅಂಚು ಮುಖಕ್ಕೆ ಮಸೆದದ್ದಲ್ಲ, ಕೂದಲು ಜಾರಿಸುವ ಟೆಫ್ಲಾನ್ ಮಾದರಿಯ ಲೇಪವೂ ಇಲ್ಲ. ಮುಖಕ್ಕೆ ಹಾಕಲೇಬೇಡಿ.

ಕೂದಲು ನೆನೆಯದಿದ್ದರೆ ಯಾವ ರೇಜರೂ ಹಿತವಲ್ಲ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದರೂ, ಅದು ಓರೆಯಾಗಿ ಬಾಗಿ ಅಂಚಿಗೆ ಸಿಕ್ಕಾಗ ಅಂಚಿನಿಂದ ಸಣ್ಣ ಚೂರುಗಳು ಒಡೆದುಹೋಗುತ್ತವೆ. ನೆನೆದ ಕೂದಲು ಸುಲಭವಾಗಿ ತುಂಡಾಗುತ್ತದೆ, ಚರ್ಮಕ್ಕೂ ಬ್ಲೇಡಿಗೂ ಒಳ್ಳೆಯದು. ಸ್ನಾನದ ನಂತರ, ಅಥವಾ ಬಿಸಿನೀರಲ್ಲಿ ಎರಡು ಮೂರು ನಿಮಿಷ ಗಡ್ಡ ನೆನೆಸಿದ ನಂತರ ಕೈಹಾಕಿ. ಕ್ರೀಮ್ ಕಡಲೆಕಾಳಿನಷ್ಟು ಸಾಕು. ನೆನೆದ ಬ್ರಶ್ಶನ್ನು ಚೆನ್ನಾಗಿ ಕೊಡವಿ, ಅರ್ಧ ಚಮಚದಂತೆ ನೀರು ಸೇರಿಸುತ್ತಾ ತಿರುವಿ. ಗುಳ್ಳೆ ಕಾಣದೆ, ಹೊಳಪಿರುವ ಗಟ್ಟಿ ಮೊಸರಿನ ಹದಕ್ಕೆ ಬಂದಾಗ ನೊರೆ ತಯಾರು. ಬೆಂಗಳೂರಿನ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಈ ಹದ ಬರುವುದೇ ಕಷ್ಟ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಷ್ಟಾಗುತ್ತದೆ, ನೊರೆ ಮುಖದ ಮೇಲೇ ಇಳಿದುಹೋಗುತ್ತದೆ. ರೇಜರ್ ಬದಲಿಸುವ ಮೊದಲು ಅರ್ಧ ಲೋಟ ಫಿಲ್ಟರ್ ನೀರಲ್ಲಿ ನೊರೆ ಮಾಡಿ ನೋಡಿ. ಎಷ್ಟೋ ಜನರ ಉರಿ ಅಲ್ಲಿಗೇ ಮುಗಿಯುತ್ತದೆ. ಬ್ಲೇಡಿನ ಮೇಲೆ ಒಣಗಿ ಕಾಣುವ ಬಿಳಿ ಕಲೆಯೂ ಅದೇ ನೀರಿನದು, ತುಕ್ಕಲ್ಲ.

ಕೂದಲು ಯಾವ ದಿಕ್ಕಿಗೆ ಬೆಳೆದಿದೆ ಎಂದು ಒಣ ಮುಖದ ಮೇಲೆ ಬೆರಳಾಡಿಸಿ ತಿಳಿದುಕೊಳ್ಳಿ. ನುಣುಪಾಗಿ ಜಾರುವ ದಿಕ್ಕೇ ಬೆಳವಣಿಗೆಯ ದಿಕ್ಕು. ಕತ್ತಿನ ಮೇಲೆ ಅದು ಕೆಳಮುಖವಾಗಿಯೇ ಇರಬೇಕೆಂದಿಲ್ಲ. ಅಡ್ಡಕ್ಕೆ, ಕೆಲವರಿಗೆ ಸುಳಿಯಾಗಿಯೂ ಇರುತ್ತದೆ. ಮೊದಲ ಸುತ್ತು ಬೆಳೆದ ದಿಕ್ಕಿಗೆ, 2-3 ಸೆಂ.ಮೀ.ಗಳ ಚಿಕ್ಕ ಎಳೆತ, ರೇಜರಿನ ಭಾರವೇ ಒತ್ತಡ. ಮತ್ತೆ ನೊರೆ ಹಚ್ಚಿ ಎರಡನೇ ಸುತ್ತು ಅಡ್ಡಕ್ಕೆ. ಎದುರು ದಿಕ್ಕಿನ ಮೂರನೇ ಸುತ್ತು ಬೇಕೇಬೇಕೆಂದಿಲ್ಲ. ಗುಂಗುರು ಗಡ್ಡದವರು, ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಯಾಗುವವರು ಅದನ್ನು ಬಿಟ್ಟೇಬಿಡಬೇಕು. ನೊರೆಯಿಲ್ಲದ ಜಾಗದಲ್ಲಿ ಇನ್ನೊಮ್ಮೆ ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಕೊನೆಗೆ ತಣ್ಣೀರಲ್ಲಿ ತೊಳೆದು ಒದ್ದೆ ಪಟಿಕದ ಕಲ್ಲನ್ನು ಆಡಿಸಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಅದು ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಇವತ್ತು ಕೈ ಭಾರವಾಗಿತ್ತು. ಬರೀ ಕತ್ತಿನ ಎಡಗಡೆ ಚುರುಗುಟ್ಟಿದರೆ ಕೋನವನ್ನು ಅಲ್ಲಿ ಸರಿಪಡಿಸಿಕೊಳ್ಳಿ, ಬ್ಲೇಡನ್ನು ಬೈಯಬೇಡಿ. ಇಡೀ ಮುಖ ಚುರುಗುಟ್ಟಿ, ಕೂದಲು ಜಗ್ಗಿದಂತೆಯೂ ಆಗಿದ್ದರೆ ಬ್ಲೇಡು ಮುಗಿದಿದೆ.

ಹಾಗಾದರೆ ಯಾವುದು? ಹೊಸದಾಗಿ ಶುರುಮಾಡುವವರಿಗೆ ನನ್ನ ಉತ್ತರ ಸ್ಪಷ್ಟ: ನೇರಗಾರ್ಡಿನ, ಮೂರು ತುಂಡಿನ, ಸೌಮ್ಯವಾದ ಎರಡಂಚಿನ ರೇಜರ್. ಬ್ಲೇಡಿಗೆ ಕೆಲವೇ ರೂಪಾಯಿ, ಬೀದಿ ತುದಿಯ ಅಂಗಡಿಯಲ್ಲೇ ಸಿಗುತ್ತದೆ. ನಾಲ್ಕೈದು ಶೇವ್‌ಗೆ ಎಸೆಯಲು ಮನಸ್ಸು ನೋಯುವುದಿಲ್ಲ, ಹಿತಕ್ಕೆ ಇದೇ ಅರ್ಧ ದಾರಿ. ಐದಾರು ಬಗೆಯ ಬ್ಲೇಡು ತಂದು, ರೇಜರ್ ಬದಲಿಸದೆ ಒಂದೊಂದನ್ನೇ ಪರೀಕ್ಷಿಸಿ. ಫೆದರ್ ಕಂಪನಿಯ ಎರಡಂಚಿನ ಬ್ಲೇಡು ಬಹಳ ಹರಿತ, ಕೈ ಕುದುರಿದ ಮೇಲಿರಲಿ. ಗಡ್ಡ ಒರಟಾಗಿದ್ದು, ಒಳ್ಳೆಯ ಎರಡಂಚಿನ ರೇಜರಿನಲ್ಲೂ ಗದ್ದದ ಬಳಿ ನಡುಕ ನಿಲ್ಲದಿದ್ದರೆ, ಅಥವಾ ಕೋನ ಹಿಡಿಯುವುದು ಕೊನೆಗೂ ಒಗ್ಗದಿದ್ದರೆ, ಜೆಮ್ ಇಲ್ಲವೇ ಇಂಜೆಕ್ಟರ್‌ಗೆ ಹೋಗಿ. ಅವುಗಳ ಬ್ಲೇಡು ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ, ಹೆಚ್ಚಾಗಿ ಆಮದು, ದುಬಾರಿ. ಹಾಗಾಗಿ ಮೊದಲು ಒಂದು ವರ್ಷಕ್ಕಾಗುವ ಬ್ಲೇಡು ಎಲ್ಲಿಂದ ಬರುತ್ತದೆ ಎಂದು ಖಚಿತಪಡಿಸಿಕೊಂಡು ಆಮೇಲೆ ರೇಜರ್ ಕೊಳ್ಳಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ತೊಡಕು ಕಡಿಮೆ. ಅಲ್ಲಿ ಈ ಬ್ಲೇಡುಗಳು ಸುಲಭವಾಗಿ ಸಿಗುತ್ತವೆ.

ಯಾವುದಾದರೂ ಸರಿ, ಶೇವ್ ಮುಗಿದ ಮೇಲೆ ಅಂಚನ್ನು ಟವೆಲಿನಿಂದ ಒರೆಸಬೇಡಿ. ನೀರು ಕೊಡವಿ, ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಇಡಿ. ಹಳೆಯ ಬ್ಲೇಡುಗಳನ್ನು ಕಸದ ಚೀಲಕ್ಕೆ ಹಾಗೇ ಹಾಕಿದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಹಾಲಿನಪುಡಿಯ ತಗಡಿನ ಡಬ್ಬಿಯ ಮುಚ್ಚಳಕ್ಕೆ 3 ಮಿ.ಮೀ. ಅಗಲದ ಸೀಳು ಕೊರೆದು ಅದರೊಳಗೆ ಹಾಕುತ್ತಾ ಹೋಗಿ. ತುಂಬಿದ ಮೇಲೆ ಮುಚ್ಚಳ, ಸೀಳು ಎರಡಕ್ಕೂ ಟೇಪು ಸುತ್ತಿ, ಮೇಲೆ 'ಬ್ಲೇಡು' ಎಂದು ದೊಡ್ಡದಾಗಿ ಬರೆದು, ಕಸ ಒಯ್ಯುವವರ ಕೈಗೇ ಹೇಳಿ ಕೊಡಿ.